ಹೆಸರು ಕೇಳಬಾರದ ಕೌದಿಗಳು

ಇಲ್ಲಿ ಬರೆಯುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಮದುವೆಯಾಗಿ ಮೈಸೂರಿನಿಂದ ಹುಬ್ಬಳ್ಳಿಗೆ ನಾನು ಬಂದಿಳಿದದ್ದು ಬೆಳಗಿನ ಹೊತ್ತು ಎಂದು ನನ್ನ ನೆನಪು. ಮಧ್ಯಾಹ್ನ ಮೀರಿತ್ತು ಎಂದು ನನ್ನ ಯಜಮಾನರು ಹೇಳುತ್ತಾರೆ. ಟಾಂಗಾದ ಕುದುರೆ ಬಿಳಿಯದಾಗಿತ್ತು ಎಂದು ನಾನು ಪ್ರಮಾಣ ಮಾಡಬಲ್ಲೆ; ಆದರೆ ಹಾಗೆ ಪ್ರಮಾಣ ಮಾಡಬಹುದೆನ್ನಿಸಿದ ಎಷ್ಟೋ ಸಂಗತಿಗಳು ಆಮೇಲೆ ಸುಳ್ಳಾಗಿವೆ. ಒಂದನ್ನು ಮಾತ್ರ ಈ ಮನೆಯಲ್ಲಿ ಯಾರೂ ಅಲ್ಲಗಳೆದಿಲ್ಲ. ಬಂದ ದಿನವೇ ನಾನು ಸತ್ತವರನ್ನು ಹೊದ್ದು ಮಲಗಿದೆ.

ಪ್ರಯಾಣದಿಂದ ಮೈ ಬಿಸಿಯಾಗಿತ್ತು. ಯಜಮಾನರ ಸೋದರತ್ತೆ ಗಂಗಕ್ಕ ನನ್ನನ್ನು ನಡುಮನೆಯಲ್ಲಿ ಮಲಗಿಸಿದರು. ತಾಯಿಯಿಲ್ಲದ ಇವರನ್ನು ಸಾಕಿ ಬೆಳೆಸಿದವರು ಅವರೇ. ಮನೆಯಲ್ಲಿ ಹಿರಿಯರೆಂದು ಉಳಿದವರೂ ಅವರೊಬ್ಬರೇ; ನಾನೂ ಅವರನ್ನು ಅತ್ತೆಯವರೆಂದೇ ಕರೆಯುತ್ತೇನೆ. ಒಂದು ಭಾರವಾದ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದು, ಅದರ ಮೇಲೆ ಕೈಯಾಡಿಸುತ್ತ ಪರಿಚಯ ಮಾಡಿಕೊಡತೊಡಗಿದರು.

"ಈ ಕೆಂಪಂದು ನಮ್ಮವ್ವ. ಈ ಬಿಳೀದು ನಿನ್ನ ಮಾವ, ಧೋತರದ ತುಕಡಿ. ಇಲ್ಲಿ ಹಸರಂದು ನಿನ್ನ ಅತ್ತಿ, ಇವನ್ನ ಹಡದಾಕಿ. ಅಂಜಬ್ಯಾಡ. ಎಲ್ಲಾರೂ ನಮ್ಮವರ ಅದಾರ."

ಅದು ಕೌದಿ. ಮೈಸೂರಿನ ಗೆಳತಿಯರೇ, ಇದನ್ನು ಓದುವ ನಿಮಗೆ ಈ ವಸ್ತುವನ್ನು ಬಿಡಿಸಿ ಹೇಳಬೇಕು. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಹಿಡಿದು ಸುತ್ತಿ ಸುತ್ತಿ ನಡುವಿನವರೆಗೆ ಕೈಹೊಲಿಗೆ ಹಾಕುತ್ತಾರೆ. ಮೇಲೆ ಕಾಣುವುದು ಒಂದು ಪದರ; ಒಳಗೆ ಏನೇನಿದೆ ಎಂಬುದು ಹೊಲಿದವರಿಗೇ ಗೊತ್ತು. ಇಲ್ಲಿನ ಮನೆಗಳಲ್ಲಿ ತೀರಿಕೊಂಡವರ ಬಟ್ಟೆ ಹೊರಗೆ ಹೋಗುವುದಿಲ್ಲ, ಕೌದಿಗೆ ಹೋಗುತ್ತದೆ. ನಮ್ಮ ಕಡೆ ಕರ್ಮಗಳು ಮುಗಿಯುವಷ್ಟರಲ್ಲಿ ಅವನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಅಜ್ಜಿಯ ಒಂದು ಸೀರೆ ನನಗಿರಲಿ ಎಂದು ಚಿಕ್ಕವಳಿದ್ದಾಗ ಅತ್ತದ್ದಕ್ಕೆ ಅಮ್ಮ ಗದರಿದ್ದರು. ಆ ಮಧ್ಯಾಹ್ನ (ಅಥವಾ ಬೆಳಿಗ್ಗೆ) ನಾನು ಹಸಿರು ತುಂಡನ್ನು ಮೈಗೆ ತಾಗದಂತೆ ಹಿಡಿದುಕೊಂಡು ಕಣ್ಣುಮುಚ್ಚಿ ಬಿದ್ದಿದ್ದೆ. ಅತ್ತೆಯವರು ಪಕ್ಕದಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದರು. ನಿದ್ದೆ ಬಂದಂತೆ ನಟಿಸಿದೆ.

ನಮ್ಮದು ಚಾಳಿನ ಮನೆ. ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಬಿಡಾರಗಳಿಗೆ ಇಲ್ಲಿ ಚಾಳ ಎನ್ನುತ್ತಾರೆ. ಯಜಮಾನರು ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತರು. ಕಾರ್ಖಾನೆಯ ಕೂಗಿಗೆ ಇಡೀ ಚಾಳ ಏಳುತ್ತದೆ, ಉಣ್ಣುತ್ತದೆ. ಮೈಸೂರಿನ ನಲ್ಲಿಯನ್ನು ನೆನೆದು ನಾನು ಅತ್ತದ್ದುಂಟು. ಇಲ್ಲಿ ನೀರಿಗೆ ಕೊಡಗಳನ್ನು ಸಾಲಿಗಿಟ್ಟು ಕಾಯಬೇಕು, ಕಾಯುವಾಗ ಮಾತಾಡಬೇಕು. ಮಾತಾಡಿದರೆ ನಗುತ್ತಿದ್ದರು. ಒಮ್ಮೆ ಪಕ್ಕದ ಬಿಡಾರದವರನ್ನು "ಬನ್ನಿ, ಕೂತ್ಕೊಳ್ಳಿ" ಎಂದು ಕರೆದಾಗ ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು: "ಏನ್ ಚಂದ ಮಾತಾಡ್ತಾಳವ್ವಾ! ಕಂಪನಿ ನಾಟಕದ ರಾಣಿ ನಮ್ಮ ಚಾಳಿಗೆ ಬಂದಂಗ ಆತು."

ನಾನು ಪದವೀಧರೆ. ಮಹಾರಾಜರ ಊರಿನಲ್ಲಿ ಅದಕ್ಕೊಂದು ತೂಕವಿತ್ತು. ಇದು ಬ್ರಿಟಿಷರ ಆಳ್ವಿಕೆಯ ಮುಂಬೈ ಇಲಾಖೆ. ಅಂಗಡಿಯ ಹಲಗೆಯಿಂದ ಕಚೇರಿಯ ಕಾಗದದವರೆಗೆ ಮರಾಠಿ ಬೆರೆತಿದೆ. ಚೆನ್ನಾಗಿದೆ ಎನ್ನಲು 'ಛಲೋ', ನಿಜ ಎನ್ನಲು 'ಖರೇ', ಬೇಗ ಎನ್ನಲು 'ಲಗೂ'. ಕನ್ನಡದ ಊರಿನಲ್ಲೇ ಕನ್ನಡವನ್ನು ಮತ್ತೆ ಕಲಿಯಬೇಕಾಗಿ ಬಂದದ್ದು ನನ್ನನ್ನು ಕುಗ್ಗಿಸಿತು. ಜೋಳದ ರೊಟ್ಟಿಯಂತೂ ನನ್ನ ಕೈಯಲ್ಲಿ ತಿಂಗಳುಗಟ್ಟಲೆ ಹರಿಯಿತು. ಅತ್ತೆಯವರು ಹರಿದ ರೊಟ್ಟಿಯನ್ನು ತಾವೇ ತಿನ್ನುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಆಗ ಅನಿಸುತ್ತಿತ್ತು. ಸುತ್ತ ಕಪ್ಪು ನೆಲ, ಮರವಿಲ್ಲದ ಬಯಲು, ಬಾಗಿಲು ಬಡಿಯುವ ಗಾಳಿ. ಸಂಜೆಯಾದರೆ ನನ್ನ ಊರಿನ ರಸ್ತೆಗಳನ್ನು ಮನಸ್ಸಿನಲ್ಲೇ ನಡೆದು ಬರುತ್ತಿದ್ದೆ. ದಿನ ಕಳೆದಂತೆ ತಿರುವುಗಳು ತಪ್ಪತೊಡಗಿದವು.

ಮನೆಯಿಂದ ನನ್ನನ್ನು ಹೊರಗೆಳೆದದ್ದು ಹೊಲಿಗೆಯ ಸಂಘ. ಯುದ್ಧದ ಕಾಲ. ಗಿರಣಿಯ ಬಟ್ಟೆ ಚೀಟಿಯ ಮೇಲೆ ಸಿಗುತ್ತಿತ್ತು, ಎಷ್ಟೋ ಸಲ ಚೀಟಿಯಿದ್ದರೂ ಸಿಗುತ್ತಿರಲಿಲ್ಲ. ಊರ ಹೊರಗೆ ಕ್ಷಯರೋಗಿಗಳಿಗೆಂದು ಒಂದು ವಾರ್ಡು ಇದೆ. ಅಲ್ಲಿನವರಿಗೆ ಹೊದೆಯಲು ಏನೂ ಇಲ್ಲವೆಂದು ಕೇಳಿ, ವಕೀಲರೊಬ್ಬರ ಹೆಂಡತಿ ಸರಸ್ವತೀಬಾಯಿ ಹೆಂಗಸರನ್ನು ಕೂಡಿಸಿದರು. ಹೆಣ್ಣುಮಕ್ಕಳ ಸಾಲೆಯ ಪಡಸಾಲೆಯಲ್ಲಿ ವಾರಕ್ಕೊಮ್ಮೆ ಸೇರುವುದು, ಮನೆಮನೆಯಿಂದ ಹಳೆಯ ಬಟ್ಟೆ ತರುವುದು, ಕುದಿಸಿ ಒಣಗಿಸಿ ಕತ್ತರಿಸಿ ಕೌದಿ ಹೊಲಿಯುವುದು. ಗೋಪನಕೊಪ್ಪದಿಂದ, ಬೈರಿದೇವರಕೊಪ್ಪದಿಂದ ಹೆಂಗಸರು ನಡೆದು ಬರುತ್ತಿದ್ದರು. ಅತ್ತೆಯವರು ಮೊದಲಿನಿಂದಲೂ ಇದ್ದರು. ಒಂದು ದಿನ ನನ್ನನ್ನೂ ಹೊರಡಿಸಿದರು.

ನನ್ನ ಪಕ್ಕಕ್ಕೆ ಕೂತವಳು ಮಾಬೂಬಿ. ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅತ್ತೆಯವರಿಗೂ ಅವಳಿಗೂ ಹಳೆಯ ನೆರೆ. ನಾನು ಹಾಕಿದ ಮೊದಲ ಸಾಲನ್ನು ಅವಳು ಕತ್ತು ವಾರೆ ಮಾಡಿ ನೋಡಿದಳು.

"ಅಕ್ಕಾರ, ಇದು ಹೊಲಿಗೀನೋ, ಎತ್ತು ಉಚ್ಚಿ ಹೊಯ್ಕೋತ ಹೋಗಿದ್ದೋ?"

ಪಡಸಾಲೆಗೆ ಪಡಸಾಲೆಯೇ ನಕ್ಕಿತು. "ಬಿ.ಎ. ಕಲಿಸೋವಾಗ ಸೂಜಿ ಹಿಡಿಯೂದು ಕಲಸಂಗಿಲ್ಲೇನ್ರಿ?" ಎಂದು ಇನ್ನೊಬ್ಬಳು ಸೇರಿಸಿದಳು. ನಾನೂ ನಕ್ಕೆ. ಊರು ಬಿಟ್ಟು ಬಂದಮೇಲೆ ನಾಲ್ಕು ಜನರ ನಡುವೆ ಕೂತು ನಕ್ಕದ್ದು ಅದೇ ಮೊದಲು ಎಂದುಕೊಂಡಿದ್ದೇನೆ. ಮೊದಲಲ್ಲದೆಯೂ ಇರಬಹುದು.

ಸಂಘಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ರಾಶಿಗೆ ಬಿದ್ದ ಬಟ್ಟೆ ಯಾರದೆಂದು ಯಾರೂ ಹೇಳಬಾರದು, ಯಾರೂ ಕೇಳಬಾರದು. ಸರಸ್ವತೀಬಾಯಿ ಇದನ್ನು ಸುಮ್ಮನೆ ಮಾಡಿರಲಿಲ್ಲ. ಮೊದಮೊದಲು ಒಬ್ಬರ ಮನೆಯ ಸೀರೆಯನ್ನು ಇನ್ನೊಬ್ಬರು ಜಾತಿ ನೋಡಿ ಮುಟ್ಟುತ್ತಿರಲಿಲ್ಲವಂತೆ. ಮತ್ತೊಬ್ಬಾಕೆ ತೀರಿಹೋದ ಅಕ್ಕನ ಸೆರಗನ್ನು ಕಂಡು ಅತ್ತು, ಆ ದಿನ ಕೆಲಸವೇ ಆಗಲಿಲ್ಲವಂತೆ. "ರಾಶಿಗೆ ಬಿದ್ದಿಂದ ಅದು ಬರೇ ಅರಿವಿ ಅದ. ನಿಮ್ಮದೂ ಅಲ್ಲ, ನಮ್ಮದೂ ಅಲ್ಲ" ಎಂದು ಅವರು ಧಾರವಾಡದ ನಯವಾದ ಮಾತಿನಲ್ಲಿ ಹೇಳುತ್ತಿದ್ದರು; ಅರಿವಿ ಎಂದರೆ ಇಲ್ಲಿ ಬಟ್ಟೆ. ನನಗೆ ಈ ನಿಯಮ ಬಹಳ ಹಿಡಿಸಿತು. ಹಸಿರು ತುಂಡಿನ ಭಯದಿಂದ ಬಿಡುಗಡೆಯಾದಂತಿತ್ತು. ಮಾಬೂಬಿಗೆ ಹಿಡಿಸಿರಲಿಲ್ಲ. "ಹೆಸರಿಲ್ಲದ ಕೌದಿ ಹೊಚ್ಚಿಕೊಂಡ್ರ ನಿದ್ದಿ ಹ್ಯಾಂಗ ಬರತೈತ್ರಿ?" ಎಂದು ಗೊಣಗುತ್ತಲೇ ಹೊಲಿಯುತ್ತಿದ್ದಳು.

ನಮ್ಮ ಮನೆಯ ಕೌದಿಯಲ್ಲಿ ಒಂದು ಹೆಸರಿರಲಿಲ್ಲ. ಅತ್ತೆಯವರ ಒಬ್ಬಳೇ ಮಗಳು ಚಂಪಾ. ನಾನು ಬರುವುದಕ್ಕೆ ಕೆಲವು ವರ್ಷ ಹಿಂದೆ, ಗಂಡನ ಮನೆಯಿಂದ ಕೆಮ್ಮುತ್ತ ತಿರುಗಿ ಬಂದವಳು ಅದೇ ವಾರ್ಡಿನಲ್ಲಿ ತೀರಿಕೊಂಡಳು. ಮಂಚ ಖಾಲಿಯಾದರೆ ಹಾಸಿಗೆ, ಹೊದಿಕೆ, ಉಟ್ಟದ್ದು ಎಲ್ಲವನ್ನೂ ಹಿತ್ತಿಲಲ್ಲಿ ಸುಡುವುದು ಅಲ್ಲಿನ ಪದ್ಧತಿ. ಅವಳದೂ ಹಾಗೇ ಹೋಯಿತು. ಉಳಿದದ್ದು ಒಂದು ಇಳಕಲ್ ಸೀರೆ. ಕಡುನೀಲಿ ಒಡಲು, ಕೆಂಪು ಸೆರಗು. ಕಾಯಿಲೆ ಬಿದ್ದಮೇಲೆ ಮನೆಯಲ್ಲಿ ಅವಳು ಅದನ್ನು ಉಟ್ಟಿದ್ದಳೋ ಇಲ್ಲವೋ ಎಂಬುದರಲ್ಲೇ ಇಬ್ಬರದು ಎರಡು ಮಾತು. ಉಟ್ಟಿದ್ದಳು ಎಂದು ಯಜಮಾನರು. ಮುಟ್ಟಿಯೂ ಇಲ್ಲ ಎಂದು ಅತ್ತೆ. ಅದು ಅತ್ತೆಯವರ ಟ್ರಂಕಿನ ತಳದಲ್ಲಿರುತ್ತಿತ್ತು. ಬೇಸಿಗೆಯಲ್ಲಿ ಎಲ್ಲ ಬಟ್ಟೆಯನ್ನೂ ಬಿಸಿಲಿಗೆ ಹಾಕುವಾಗ ಅದನ್ನೂ ಹಾಕಿ, ಎಲ್ಲಕ್ಕಿಂತ ಮೊದಲು ಒಳಗೆ ತರುತ್ತಿದ್ದರು.

ನಾನು ಬಸುರಿಯಾದೆ. ಕೂಸಿಗೆ ಹುಟ್ಟುವ ಮೊದಲೇ ಮನೆಯವರ ಹಳೆಯ ಬಟ್ಟೆಯಲ್ಲಿ ಪುಟ್ಟ ಕೌದಿ ಹೊಲಿದಿಡುವುದು ಇಲ್ಲಿಯ ವಾಡಿಕೆ. ಒಂದು ರಜೆಯ ದಿನ ಊಟವಾದ ಮೇಲೆ ಅತ್ತೆಯವರು ನೀಲಿ ಸೀರೆಯನ್ನು ತಂದು ನಮ್ಮಿಬ್ಬರ ಮುಂದೆ ಬಿಚ್ಚಿದರು.

"ಇದನ್ನ ಕೂಸಿನ ಕೌದಿಗೆ ಹಾಕತೇನಿ" ಎಂದರು. "ಆಕೀ ಹೊಟ್ಟ್ಯಾಗ ಒಂದೂ ಹುಟ್ಟಲಿಲ್ಲ. ಈ ಮನೀ ಕೂಸಿನ ಮೈಮ್ಯಾಲರ ಇರ್ಲಿ."

ಯಜಮಾನರು ಕೈ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಅತ್ತೀ, ಬ್ಯಾಡ. ಅದು ಎಂಥಾ ರೋಗ ಅನ್ನೂದು ನಿನಗ ಗೊತ್ತೈತಿ."

"ಎಷ್ಟ ವರ್ಷ ಬಿಸಲಿಗೆ ಹಾಕೇನಿ."

"ಬಿಸಲಿಗೆ ಹಾಕಿದ್ರೇನಾತು? ಅದು ಮನ್ಯಾಗ ಇರೂದ ನನಗ ಸೇರಂಗಿಲ್ಲ. ನಿನ್ನ ಮಾರಿ ನೋಡಿ ಸುಮ್ನ ಇದ್ದೆ."

ಅತ್ತೆಯವರು ನನ್ನ ಕಡೆ ತಿರುಗಿದರು. "ನೀ ಕಲತಾಕಿ. ನೀ ಹೇಳು, ಮೈಸೂರಾಕಿ."

ಆಗ ನಾನು ಏನು ಹೇಳಿದೆ? ಇದನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ನೀನು 'ಬೇಡ' ಎಂದೆ ಎಂದು ಯಜಮಾನರು ಹೇಳುತ್ತಾರೆ. 'ನನಗೆ ಗೊತ್ತಿಲ್ಲ' ಎಂದ ನನ್ನದೇ ದನಿ ನನ್ನ ಕಿವಿಯಲ್ಲಿದೆ. ಓದಿದ ಪುಸ್ತಕಗಳಲ್ಲಿ ಕ್ರಿಮಿಗಳ ಬಗ್ಗೆ ಇತ್ತು. ಟ್ರಂಕಿನಲ್ಲಿ ವರ್ಷಗಟ್ಟಲೆ ಇದ್ದ ಸೀರೆಯ ಬಗ್ಗೆ ಇರಲಿಲ್ಲ. ಎರಡರಲ್ಲಿ ಯಾವುದನ್ನೇ ಹೇಳಿರಲಿ, ಅತ್ತೆಯವರು ಸೀರೆಯನ್ನು ಮಡಿಸಿಕೊಂಡು ಎದ್ದುಹೋದದ್ದು ನಿಜ. ಮಡಿಸುವಾಗ ಅಂಚಿಗೆ ಅಂಚು ಕೂಡಿಸಲು ಬಹಳ ಹೊತ್ತು ತೆಗೆದುಕೊಂಡರು.

ಮುಂದಿನ ಸಲ ಸಂಘಕ್ಕೆ ಹೋದಾಗ ನೀಲಿ ಸೀರೆ ರಾಶಿಯ ಮೇಲಿತ್ತು.

ಕುದಿಸಿ ಒಣಗಿಸಿದ ಬಟ್ಟೆಗಳ ನಡುವೆ ಅದು ಎದ್ದು ಕಾಣುತ್ತಿತ್ತು. ಅದನ್ನು ಅಲ್ಲಿಟ್ಟವರು ಅತ್ತೆಯವರೇ. ಅವರ ಟ್ರಂಕಿಗೆ ಬೇರೆ ಯಾರೂ ಕೈಹಾಕುವುದಿಲ್ಲ. ನಾನು ಅವರ ಮುಖ ನೋಡಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಮಾಬೂಬಿ ಮಾತ್ರ ಸೀರೆಯನ್ನೂ ಅತ್ತೆಯವರನ್ನೂ ನೋಡಿ, ಎಂದಿಲ್ಲದಂತೆ ಬಾಯಿ ಮುಚ್ಚಿಕೊಂಡಳು.

"ಎಷ್ಟ ಛಲೋ ಸೀರಿ ಅದ! ಹರದಿಲ್ಲ, ಮಾಸಿಲ್ಲ" ಎನ್ನುತ್ತ ಸರಸ್ವತೀಬಾಯಿ ಕತ್ತರಿ ಹಾಕಿದರು. ಆ ದಿನ ಪಡಸಾಲೆಯಲ್ಲಿ ನಾಲ್ಕು ಕೌದಿಗಳನ್ನು ಹಾಸಿಕೊಂಡಿದ್ದೆವು. ಅವರದು ನ್ಯಾಯದ ಮನಸ್ಸು. ಒಬ್ಬ ರೋಗಿಗೆ ಚಂದದ್ದು, ಇನ್ನೊಬ್ಬರಿಗೆ ಮಾಸಲು ಎಂದಾಗಬಾರದು. ನೀಲಿಯನ್ನೂ ಕೆಂಪನ್ನೂ ಸರಿಯಾಗಿ ಪಾಲು ಮಾಡಿ ನಾಲ್ಕಕ್ಕೂ ಹಂಚುತ್ತ ಬಂದರು. ಒಂದು ತುಂಡು ನನ್ನ ಮೊಣಕಾಲ ಹತ್ತಿರವೂ ಬಿತ್ತು.

"ಬಾಯಾರ."

ಅತ್ತೆಯವರ ದನಿ ದೊಡ್ಡದಾಗಿರಲಿಲ್ಲ.

"ಆಕಿನ್ನ ನಾಕ ಕಡೆ ಹಾಕಬ್ಯಾಡ್ರಿ."

ಸರಸ್ವತೀಬಾಯಿ ಕತ್ತರಿ ಹಿಡಿದುಕೊಂಡೇ ತಿರುಗಿದರು. "ಯಾರನ್ನ, ಗಂಗಕ್ಕ?"

ಹೇಳಬಾರದೆಂಬ ನಿಯಮವನ್ನು ಅತ್ತೆಯವರು ಅರ್ಧ ಮುರಿದಿದ್ದರು; ಉಳಿದರ್ಧವನ್ನು ಮುರಿಯಲಾರದೆ ಕೂತಿದ್ದರು. ಸೂಜಿಗಳು ನಿಂತವು. ಮಾಬೂಬಿ ಎದ್ದು, ನನ್ನ ಮೊಣಕಾಲ ಬಳಿಯ ತುಂಡಿನಿಂದ ಹಿಡಿದು ಎಲ್ಲವನ್ನೂ ಆಯತೊಡಗಿದಳು. "ಯಾರನ್ನರ ಆಗ್ಲಿ ಬಿಡ್ರಿ, ಬಾಯಾರ. ಕೇಳೂಹಂಗಿಲ್ಲಂತ ನೀವ ಹೇಳೀರಿ. ಎಲ್ಲಾ ಒಂದ ಕೌದ್ಯಾಗ ಇರ್ಲಿ. ಚಂದ ಕಾಣದಿದ್ರ ನಾ ಹೊಚಗೋತೇನಿ."

ಯಾರೂ ನಗಲಿಲ್ಲ. ಸರಸ್ವತೀಬಾಯಿ ಕತ್ತರಿಯನ್ನು ನೆಲಕ್ಕಿಟ್ಟರು. ತುಂಡುಗಳೆಲ್ಲ ಅತ್ತೆಯವರ ಮಡಿಲಿಗೆ ಬಂದವು. ಆ ಕೌದಿಯನ್ನು ಅವರು ಒಬ್ಬರೇ ಹೊಲಿದರು. ಸಾಮಾನ್ಯವಾಗಿ ನಾಲ್ಕು ಮಂದಿ ನಾಲ್ಕು ಬದಿಗೆ ಕೂರುವ ಕೆಲಸ; ಪಕ್ಕದ ಬದಿಗೆ ಕೂರಲೇ ಎಂದು ನಾನು ಕೇಳಿದಾಗ, "ನಿನಗ ಬಗ್ಗಾಕ ಆಗೂದಿಲ್ಲ, ಸುಮ್ನ ಕುಂದರು" ಎಂದರು. ಕೆಲವು ದಿನ ಅದನ್ನು ಮನೆಗೂ ತಂದರು. ನಡುವಿನ ಹೊಲಿಗೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಮುರಿದು ಒಳಗಿಟ್ಟರು. ಕೌದಿ ಹಸಿದಿರಬಾರದಂತೆ. ಇರುವೆ ಬಂದೀತು ಎಂದು ನನ್ನ ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿದೆ.

ಕೌದಿಗಳನ್ನು ಕೊಡಲು ಹೋದ ಟಾಂಗಾದಲ್ಲಿ ಅತ್ತೆಯವರೂ ಹತ್ತಿದರು. ಮಗಳು ಹೋದಮೇಲೆ ಆ ಕಡೆ ಕಾಲಿಟ್ಟವರಲ್ಲ. ಬಸುರಿಯಾದ ನನ್ನನ್ನು ವಾರ್ಡಿನೊಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ನಿಂತು ನೋಡಿದೆ. ನರ್ಸಮ್ಮ ಕೌದಿಗಳನ್ನು ಎಣಿಸಿಕೊಳ್ಳಲು ಕೈ ಚಾಚಿದಾಗ ಅತ್ತೆಯವರು ತಮ್ಮದನ್ನು ಕೊಡಲಿಲ್ಲ. ಮಂಚದಿಂದ ಮಂಚಕ್ಕೆ ನೋಡುತ್ತ ಹೋಗಿ, ಕೊನೆಗೆ ಕಿಟಕಿಯ ಪಕ್ಕದಲ್ಲೇ ಮಲಗಿದ್ದ ಒಬ್ಬ ಹುಡುಗಿಗೆ ಹೊದಿಸಿದರು.

"ಯಾವೂರವ್ವಾ?"

"ಸುಳ್ಳರೀ." ಹತ್ತಿರದ ಸುಳ್ಳ ಎಂಬ ಹಳ್ಳಿಯ ಆ ಹುಡುಗಿ ಮೇಲಿನ ತುಂಡುಗಳನ್ನು ನೋಡಿಕೊಂಡಳು. "ಭಾಳ ಭಾರ ಐತ್ರೀ ಅಮ್ಮಾ."

"ಇರ್ಲಿ. ಕಾಲಿಗೆ ಬಿಗಿಯಾಗಿ ಸುತಗೊಂಡ ಮಲಕೊ."

ಹಿಂದಿರುಗುವಾಗ ಟಾಂಗಾದಲ್ಲಿ ಅವರು ನನ್ನ ಕೈ ಹಿಡಿದುಕೊಂಡಿದ್ದರು ಎಂದು ಬರೆಯಬೇಕೆನಿಸುತ್ತದೆ. ಹಿಡಿದಿರಲಿಲ್ಲ ಎಂದೇ ಕಾಣುತ್ತದೆ.

ಚೊಚ್ಚಿಲ ಹೆರಿಗೆಗೆ ತವರಿಗೆ ಹೊರಡುವ ಮೊದಲು ಇನ್ನೊಮ್ಮೆ ಅದೇ ಕಿಟಕಿಯ ಬಳಿ ನಿಂತೆ. ಮಂಚದ ಮೇಲೆ ಬೇರೆ ಯಾರೋ ಹೆಂಗಸು, ಅವಳ ಮೇಲೆ ಬೇರೊಂದು ಕೌದಿ. ಸುಳ್ಳದ ಹುಡುಗಿ ಊರಿಗೆ ಹೋದಳೇ ಎಂದು ನರ್ಸಮ್ಮನನ್ನು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಹಿತ್ತಿಲ ಕಡೆಗೆ ನನ್ನ ಕಣ್ಣು ಹೋಯಿತು. ಬೂದಿ ತೊಳೆದು ಹೋಗುವಷ್ಟು ಮಳೆ ಅಷ್ಟರಲ್ಲಿ ಬಿದ್ದಿತ್ತು. ಮನೆಗೆ ಬಂದು ಅತ್ತೆಯವರಿಗೆ ಹೇಳಬೇಕೋ ಬೇಡವೋ ಎಂದು ನಾನು ತಡವರಿಸುತ್ತಿರುವಾಗ ಅವರೇ, "ನನಗ ಗೊತ್ತೈತಿ" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

ಮೈಸೂರಿನಲ್ಲಿ ಮಗಳು ಹುಟ್ಟಿದಳು. ಅಲ್ಲಿ ಈ ಸಲ ನನ್ನ ಮಾತಿಗೆ ನಕ್ಕವರು ಗೆಳತಿಯರಾದ ನೀವು. ಬಾಗಿಲಿಗೆ ಬಂದವರನ್ನು "ಬರ್ರಿ" ಎಂದು ಕರೆದದ್ದಕ್ಕೆ ನನ್ನ ತಂಗಿ ಒಂದು ದಿನವಿಡೀ ನನ್ನನ್ನು ಅಣಕಿಸಿದಳು. ಊಟದ ಎಲೆಯಲ್ಲಿ ಅನ್ನವನ್ನು ಕಲಸುತ್ತ ರೊಟ್ಟಿ ಬಡಿಯುವ ಸದ್ದಿಗೆ ಕಿವಿಗೊಟ್ಟಿದ್ದೆ. ನೆನಪಿನಲ್ಲಿ ನಡೆದು ಸವೆಸಿದ್ದ ರಸ್ತೆಗಳಲ್ಲಿ ನಿಜವಾಗಿ ನಡೆದೆ. ತಿರುವುಗಳು ನಾನಂದುಕೊಂಡ ಜಾಗದಲ್ಲಿರಲಿಲ್ಲ. ಅಮ್ಮ ಕೂಸಿಗೆಂದು ದೊಡ್ಡ ಅಂಗಡಿಯಿಂದ ಮೆತ್ತನೆಯ ಉಣ್ಣೆಯ ಹೊದಿಕೆ ತಂದರು. ಯಾರ ಮೈಯನ್ನೂ ಮುಟ್ಟಿರದ, ಹೊಸ ವಾಸನೆಯ ಹೊದಿಕೆ. ಅದರಲ್ಲಿ ಸುತ್ತಿಕೊಂಡೇ ಮಗಳನ್ನು ಹುಬ್ಬಳ್ಳಿಗೆ ಕರೆತಂದೆ.

ತೊಟ್ಟಿಲಲ್ಲಿ ಪುಟ್ಟ ಕೌದಿ ಸಿದ್ಧವಾಗಿತ್ತು. ಅತ್ತೆಯವರು ಕೂಸನ್ನು ಇಸಿದುಕೊಂಡು, ಉಣ್ಣೆಯ ಹೊದಿಕೆಯನ್ನು ನಾಜೂಕಾಗಿ ಮಡಿಸಿ ಪಕ್ಕಕ್ಕಿಟ್ಟು, ಕೌದಿ ಹೊದಿಸಿ ಪರಿಚಯ ಮಾಡಿಕೊಟ್ಟರು. "ಇದು ನಿಮ್ಮಪ್ಪನ ಅಂಗಿ. ಇದು ನಾ. ಇದು ನಿಮ್ಮವ್ವ, ಮೈಸೂರಿಂದ ಉಟಗೊಂಡ ಬಂದಿದ್ಲಲ್ಲ, ಆ ಸೀರಿ." ನನ್ನ ಹಳೆಯ ಸೀರೆಯನ್ನು ನಾನಿಲ್ಲದಾಗ ಕತ್ತರಿಸಿದ್ದರು. ಕೋಪ ಬರಬೇಕಿತ್ತು. ಆ ಬಟ್ಟೆಗಳ ನಡುವೆ ನನಗೂ ಒಂದು ಜಾಗ ಸಿಕ್ಕಿತೆಂದು ಕಣ್ಣು ತುಂಬಿಬಂತು. ಮರುಕ್ಷಣವೇ, ಒಳಗಿನ ಪದರ ಯಾವುದು ಎಂದು ಅಂಚನ್ನು ಬೆರಳಿನಿಂದ ಹಿಸುಕಿ ನೋಡಿದೆ.

ಈ ಕೌದಿ ತನ್ನ ಅಳತೆಗೆ ಮೀರಿ ದಪ್ಪವಾಗಿದೆ. ಯಜಮಾನರು ಅದನ್ನು ಎತ್ತಿ ನೋಡಿಲ್ಲ, ನಾನೂ ಹೇಳಿಲ್ಲ. ಮೂಲೆಯ ಒಂದು ಹೊಲಿಗೆ ಬಿಚ್ಚಿದರೆ ಸಾಕು. ಕತ್ತರಿ ಮನೆಯಲ್ಲೇ ಇದೆ. ಬಿಚ್ಚಿ ನೀಲಿ ಕಂಡರೆ ಏನು ಮಾಡುತ್ತೇನೆಂಬುದು ಗೊತ್ತಿಲ್ಲದೆ ಬಿಚ್ಚುವುದು ಹೇಗೆ? ಕೆಲವು ದಿನ ಮಗಳಿಗೆ ಅಮ್ಮ ಕೊಟ್ಟದ್ದನ್ನು ಹೊದಿಸುತ್ತೇನೆ, ಅವಳು ಕಾಲಿನಿಂದ ಒದ್ದು ಅಳುತ್ತಾಳೆ. ಕೌದಿ ಹೊದಿಸಿದರೆ ಮಲಗುತ್ತಾಳೆ. ಅವಳು ಸೀನಿದರೂ ನಾನು ಎದ್ದು ಹಣೆ ಮುಟ್ಟುತ್ತೇನೆ. ಬಿಸಿಲಿದ್ದ ದಿನವೆಲ್ಲ ಆ ಕೌದಿಯನ್ನು ಹೊರಗೆ ಹರವುತ್ತೇನೆ, ಸುಮ್ಮನೆ ಎಂಬಂತೆ. ಅತ್ತೆಯವರು ಹೊಸ್ತಿಲಲ್ಲಿ ಕೂತು ನೋಡುತ್ತಿರುತ್ತಾರೆ.

ಮೊನ್ನೆ ಹಾಗೆ ಕೂತಿದ್ದಾಗ ಕೇಳಿಬಿಟ್ಟೆ. ಬಿಸಿಲಲ್ಲಿ ಅವರ ಪಕ್ಕಕ್ಕೇ ಕೂತು, ಅವರದೇ ಮಾತಿನಲ್ಲಿ ಕೇಳಿದೆ. ಅವರು ಕೂಸಿನ ಕಾಲು ಹೊದಿಕೆಯಿಂದ ಹೊರಗೆ ಬಂದಿದೆ ಎಂದು ಒಳಗೆ ಎದ್ದುಹೋದರು. ಆಮೇಲೆ ಉಂಡಿದ್ದೇವೆ, ನೀರು ತಂದಿದ್ದೇವೆ, ಸಂಘಕ್ಕೆ ಜೊತೆಯಲ್ಲೇ ಹೋಗಿ ಬಂದಿದ್ದೇವೆ. ಅವರು ಅದಕ್ಕೆ ಇನ್ನೂ ಏನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿಯವರ, ಆ ಸೀರಿ ಪೂರಾ ಆ ಹುಡುಗಿ ಕೌದಿಗೇ ಹೋತೇನ್ರಿ?"